ದೇಹ ಕನ್ನಡಿಗಾಗಿ ಅಲ್ಲ

ಅಬ್ರಹಾಮನ ಸೇವಕ ತನ್ನ ಯಜಮಾನನ ಮಗ ಇಸಾಕನಿಗೆ ಹೆಣ್ಣು ಹುಡುಕಲು ಹೊರಟ ಕಥೆ ಆದಿಕಾಂಡದ 24ನೇ ಅಧ್ಯಾಯದಲ್ಲಿದೆ. ಹೆಣ್ಣು ನೋಡಲು ಹೋಗುವುದು ನಮಗೂ ಹೊಸತಲ್ಲ. ಆದರೆ ಆ ಸೇವಕ ದೇವರಲ್ಲಿ ಕೇಳಿಕೊಂಡ ಗುರುತನ್ನು ಸ್ವಲ್ಪ ಗಮನಿಸಿ. ಹುಡುಗಿಯ ಬಣ್ಣ, ಎತ್ತರ, ಸೊಂಟದ ಅಳತೆ ಯಾವುದೂ ಅವನ ಪ್ರಾರ್ಥನೆಯಲ್ಲಿ ಇರಲಿಲ್ಲ. ತನಗೆ ಕುಡಿಯಲು ನೀರು ಕೊಟ್ಟು, ತನ್ನ ಒಂಟೆಗಳಿಗೂ ನೀರು ತಂದು ಹಾಕುವ ಹುಡುಗಿಯೇ ದೇವರು ಆರಿಸಿದ ಸೊಸೆ ಎಂದು ಅವನು ಬೇಡಿಕೊಂಡ. ಅಷ್ಟರಲ್ಲಿ ರೆಬೆಕ್ಕ ಹೆಗಲ ಮೇಲೆ ಕೊಡ ಹೊತ್ತು ಬಂದಳು.

ಅವನ ಬಳಿ ಹತ್ತು ಒಂಟೆಗಳಿದ್ದವು. ಬಾಯಾರಿದ ಒಂದು ಒಂಟೆ ಒಮ್ಮೆಗೆ ಸುಮಾರು 100 ಲೀಟರು ನೀರು ಕುಡಿಯಬಲ್ಲದು. ಹತ್ತೂ ಒಂಟೆಗಳು ಅರೆಹೊಟ್ಟೆ ಕುಡಿದವು ಎಂದುಕೊಂಡರೂ 500 ಲೀಟರು ಬೇಕು. ಕೊಡಕ್ಕೆ 10 ಲೀಟರಿನಂತೆ ಲೆಕ್ಕ ಹಾಕಿದರೆ ಆ ಹುಡುಗಿ 50 ಸಲ ಇಳಿದು, ತುಂಬಿಕೊಂಡು, ಹತ್ತಿ ಬಂದಿರಬೇಕು. ಆಕೆ ಓಡೋಡಿ ಈ ಕೆಲಸ ಮಾಡಿದಳು ಎಂದು ಬೈಬಲ್ ಹೇಳುತ್ತದೆ. ರೆಬೆಕ್ಕ ಚೆಲುವೆ ಎಂಬುದನ್ನೂ ಬೈಬಲ್ ಮರೆಮಾಡುವುದಿಲ್ಲ. ಚೆಲುವು ದೇವರ ವರವೇ. ಆದರೂ ಸೇವಕ ಹುಡುಕಿದ್ದು ಉದಾರ ಮನಸ್ಸನ್ನು, ಆ ಮನಸ್ಸು ಹೇಳಿದ್ದನ್ನು ಮಾಡಬಲ್ಲ ತೋಳುಗಳನ್ನು.

ಈಗ ನಮ್ಮ ಮನೆಗಳ ಮಾತಿಗೆ ಕಿವಿಗೊಡೋಣ. "ಸ್ವಲ್ಪ ತೆಳ್ಳಗಾಗು, ಇಲ್ಲದಿದ್ದರೆ ಸಂಬಂಧ ಬರುವುದಿಲ್ಲ." "ಇಷ್ಟು ಒಣಕಲಾದರೆ ಯಾರು ಒಪ್ಪುತ್ತಾರೆ?" "ಹೆರಿಗೆಯಾಗಿ ಒಂದು ವರ್ಷವಾಯಿತು, ಇನ್ನೂ ಹೊಟ್ಟೆ ಇಳಿದಿಲ್ಲವಲ್ಲ!" ಈ ಮಾತುಗಳನ್ನು ಆಡುವವರು ಶತ್ರುಗಳಲ್ಲ. ತಾಯಿ, ಅತ್ತೆ, ಚಿಕ್ಕಮ್ಮ, ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಸಿಗುವ ನೆರೆಯವರು. ಇನ್ನು ಹುಡುಗಿ ವ್ಯಾಯಾಮಶಾಲೆಗೆ ಸೇರಿ ಭಾರ ಎತ್ತತೊಡಗಿದರೆ ಅದೇ ಬಾಯಿಂದ ಮತ್ತೊಂದು ಮಾತು ಬರುತ್ತದೆ: "ಗಂಡಸಿನ ಹಾಗೆ ಆಗುತ್ತೀ, ನೋಡು!" ದಪ್ಪವಾದರೂ ತಪ್ಪು, ತೆಳ್ಳಗಾದರೂ ತಪ್ಪು, ಬಲವಾದರೆ ಇನ್ನೂ ದೊಡ್ಡ ತಪ್ಪು. ಹಾಗಾದರೆ ಆ ಮಗು ತನ್ನ ದೇಹವನ್ನು ಏನು ಮಾಡಬೇಕು?

ದೇಹ ಚೀಲವಲ್ಲ

ಆತ್ಮವೇ ಮುಖ್ಯ, ದೇಹ ಕೇವಲ ಮಣ್ಣು ಎಂದು ಎಷ್ಟೋ ಭಕ್ತರು ಭಾವಿಸುತ್ತಾರೆ. ಇದು ಕಥೋಲಿಕ ಬೋಧನೆಯಲ್ಲ. ಶರೀರವನ್ನು ಕತ್ತಲೆಯ ಸೃಷ್ಟಿ ಎಂದು ಹಳಿದ ಮನಿಕೇಯರ ಪಂಥವನ್ನು ಧರ್ಮಸಭೆ ಆದಿಯಲ್ಲೇ ತಿರಸ್ಕರಿಸಿತು. ಚೀಲದೊಳಗೆ ಅಕ್ಕಿ ಇರುವಂತೆ ದೇಹದೊಳಗೆ ಆತ್ಮ ಇರುವುದಿಲ್ಲ. ಆತ್ಮವೇ ದೇಹಕ್ಕೆ ರೂಪ ಮತ್ತು ಜೀವ ಕೊಡುವ ತತ್ವ, ಎರಡೂ ಸೇರಿ ಒಬ್ಬ ಮನುಷ್ಯ ಎಂದು ಸಂತ ಅಕ್ವಿನಾಸಿನ ತೋಮಸರು ವಿವರಿಸಿದರು. 1311–12ರ ವಿಯೆನ್ ಮಹಾಸಭೆ ಇದನ್ನು ಧರ್ಮಸಭೆಯ ಬೋಧನೆಯಾಗಿ ದೃಢಪಡಿಸಿತು. ಪ್ರತಿ ಭಾನುವಾರ ವಿಶ್ವಾಸ ಸಂಗ್ರಹವನ್ನು ಹೇಳುವಾಗ ನಾವು ಒಪ್ಪಿಕೊಳ್ಳುವುದೂ ಸತ್ತವರು ಮತ್ತೆ ಏಳುವರೆಂಬ ಸತ್ಯವನ್ನು. ಕೇವಲ ಆತ್ಮ ಬದುಕಿ ಉಳಿಯುತ್ತದೆಂದು ಹೇಳಿ ನಾವು ಅಲ್ಲಿಗೇ ನಿಲ್ಲುವುದಿಲ್ಲ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಮಗಳ ದೇಹವನ್ನು ಹೀಯಾಳಿಸುವವರು ಆ ಮಗಳನ್ನೇ ಹೀಯಾಳಿಸುತ್ತಾರೆ. "ನಾನು ಅವಳ ದಪ್ಪವನ್ನು ಹೇಳಿದೆ, ಅವಳನ್ನಲ್ಲ" ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಎರಡನೆಯದು, ದೇಹವನ್ನು ಪಳಗಿಸಿ ಬಲಪಡಿಸುವುದು ಆಧ್ಯಾತ್ಮಿಕ ಬದುಕಿಗೆ ಹೊರಗಿನ ವಿಷಯವಲ್ಲ. ನಮ್ಮ ದೇಹ ಪವಿತ್ರಾತ್ಮರ ಆಲಯ ಎಂದು ಸಂತ ಪೌಲರು ಕೊರಿಂಥದವರಿಗೆ ಕಲಿಸಿದರು. ಆಲಯದ ಗೋಡೆ ಬಿರುಕು ಬಿಟ್ಟರೆ ನಾವು ಸುಮ್ಮನಿರುತ್ತೇವೆಯೇ?

ಬಲವುಳ್ಳ ಸ್ತ್ರೀ

ಜ್ಞಾನೋಕ್ತಿಗಳು ಗ್ರಂಥದ ಕೊನೆಯ ಅಧ್ಯಾಯದಲ್ಲಿ ಬರುವ ಗುಣವತಿಯಾದ ಸ್ತ್ರೀಯ ವರ್ಣನೆ ನಿಮಗೆಲ್ಲ ಪರಿಚಿತ. ವಿವಾಹದ ಬಲಿಪೂಜೆಗಳಲ್ಲಿ ಅದನ್ನು ಓದುವುದುಂಟು. ಅದರ 17ನೇ ವಚನ ಆಕೆ ನಡುಕಟ್ಟಿ ನಿಲ್ಲುವುದನ್ನೂ ಆಕೆಯ ತೋಳುಗಳ ಬಲವನ್ನೂ ಹೊಗಳುತ್ತದೆ. ರೂಪ ಬಾಳದು ಎಂಬ ಎಚ್ಚರಿಕೆ ಬರುವುದು 30ನೇ ವಚನದಲ್ಲಿ. ಬೈಬಲಿಗೆ ಹೆಣ್ಣಿನ ಬಲ ನಾಚಿಕೆಯ ವಿಷಯವಲ್ಲ. ನಮಗೇಕೆ ನಾಚಿಕೆ?

ಒಲಿಂಪಿಕ್ ಕೂಟದಲ್ಲಿ ಮಹಿಳೆಯರ ಭಾರ ಎತ್ತುವ ಸ್ಪರ್ಧೆ ಮೊದಲು ನಡೆದದ್ದು 2000ದಲ್ಲಿ, ಸಿಡ್ನಿಯಲ್ಲಿ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಕರಣಂ ಮಲ್ಲೇಶ್ವರಿ ಅಲ್ಲಿಗೆ ಹೊರಟಾಗ ಆಕೆ ದಪ್ಪಗಾಗಿದ್ದಾಳೆ, ಆಕೆಯ ಕಾಲ ಮುಗಿಯಿತು ಎಂದು ಟೀಕಿಸಿದವರಿದ್ದರು. ಆಕೆ 69 ಕಿಲೋ ವಿಭಾಗದಲ್ಲಿ ಒಮ್ಮೆ 110, ಇನ್ನೊಮ್ಮೆ 130, ಒಟ್ಟು 240 ಕಿಲೋ ಎತ್ತಿ ಕಂಚಿನ ಪದಕ ಗೆದ್ದರು. ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರೇ. ಮಣಿಪುರದ ಮೀರಾಬಾಯಿ ಚಾನು ಬಾಲ್ಯದಲ್ಲಿ ಸೌದೆಯ ಹೊರೆ ಹೊತ್ತು ಬೆಳೆದವರು. 2021ರಲ್ಲಿ ನಡೆದ ಟೋಕಿಯೋ ಕೂಟದ 49 ಕಿಲೋ ವಿಭಾಗದಲ್ಲಿ ಅವರು ತಮ್ಮ ತೂಕದ ಎರಡು ಪಟ್ಟಿಗೂ ಮೀರಿದ 115 ಕಿಲೋವನ್ನು ತಲೆಯ ಮೇಲೆ ಎತ್ತಿ ನಿಂತು, ಬೆಳ್ಳಿ ಗೆದ್ದರು. ಆ ಗಳಿಗೆಯಲ್ಲಿ ಅವರ ಸೊಂಟದ ಅಳತೆಯನ್ನು ಕೇಳುವ ಮನಸ್ಸು ಯಾರಿಗೆ ಬಂದೀತು?

ನಮ್ಮ ಹೆಣ್ಣುಮಕ್ಕಳೆಲ್ಲ ಪದಕ ಗೆಲ್ಲಬೇಕೆಂದು ನಾನು ಹೇಳುತ್ತಿಲ್ಲ. ಬಲ ಎಲ್ಲರಿಗೂ ಬೇಕು ಎಂದಷ್ಟೇ ಹೇಳುತ್ತಿದ್ದೇನೆ. ಮೂವತ್ತು ದಾಟಿದ ಮೇಲೆ ಮಾಂಸಖಂಡ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಕರಗುತ್ತಾ ಹೋಗುತ್ತದೆ. ಮುಟ್ಟು ನಿಂತ ಬಳಿಕ ಮೂಳೆಯ ಸವೆತವೂ ವೇಗ ಪಡೆಯುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಅಜ್ಜಿಯರು ಯಾವ ಊರಿನಲ್ಲಿಲ್ಲ? ಸ್ವಲ್ಪ ಸ್ವಲ್ಪವಾಗಿ ಭಾರ ಹೆಚ್ಚಿಸುವ ವ್ಯಾಯಾಮ ಮಾಂಸಖಂಡವನ್ನೂ ಮೂಳೆಯನ್ನೂ ಗಟ್ಟಿಮಾಡುತ್ತದೆ. ವಾರದಲ್ಲಿ ಕನಿಷ್ಠ ಎರಡು ದಿನ ಇಂಥ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎಲ್ಲ ವಯಸ್ಕರಿಗೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಸೂಚಿಸಿತು.

"ಗಂಡಸಿನಂತೆ ಆಗುತ್ತಾರೆ" ಎಂಬ ಭಯಕ್ಕೆ ಆಧಾರವಿಲ್ಲ. ಮಾಂಸಖಂಡವನ್ನು ದಪ್ಪ ಮಾಡುವ ಟೆಸ್ಟೊಸ್ಟಿರೋನ್ ಹಾರ್ಮೋನು ಹೆಣ್ಣಿನ ದೇಹದಲ್ಲಿ ಗಂಡಿಗಿಂತ ತುಂಬ ಕಡಿಮೆ. ಮನೆಯಲ್ಲೂ ಆರಂಭಿಸಬಹುದು: ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ತಳ್ಳುವುದು, ಒಂದು ಲೀಟರಿನ ನೀರಿನ ಬಾಟಲಿ ಎತ್ತಿ ಇಳಿಸುವುದು. ಗರ್ಭಿಣಿಯರು, ಹೊಸದಾಗಿ ಹೆರಿಗೆಯಾದವರು, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಲಿ.

ಯಾರ ತಟ್ಟೆಯಲ್ಲಿ ಏನಿದೆ?

"ಫಾದರ್, ನಾವು ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತೇವೆ. ಅದೇ ವ್ಯಾಯಾಮವಲ್ಲವೇ?" ಎಂದು ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೀಡಿ ಕಟ್ಟುವವರು, ಮೀನಿನ ಬುಟ್ಟಿ ಹೊರುವವರು, ಕೂಲಿಗೆ ಹೋಗುವವರು, ನೀರು ಹೊರುವವರು ನಮ್ಮ ಧರ್ಮಕೇಂದ್ರಗಳಲ್ಲೇ ಇದ್ದಾರೆ. ಅವರಿಗೆ ಮತ್ತಷ್ಟು ಭಾರ ಎತ್ತಿ ಎಂದು ಉಪದೇಶ ಮಾಡುವುದು ಕ್ರೂರತನವಾದೀತು. ವ್ಯಾಯಾಮಕ್ಕೂ ದುಡಿತಕ್ಕೂ ಒಂದು ವ್ಯತ್ಯಾಸವಿದೆ. ವ್ಯಾಯಾಮದಲ್ಲಿ ಅಳತೆಯಿದೆ, ಅದರ ಹಿಂದೆಯೇ ವಿಶ್ರಾಂತಿಯೂ ಹೊಟ್ಟೆತುಂಬ ಊಟವೂ ಇರುತ್ತವೆ. ಅದರಿಂದಲೇ ದೇಹ ಬಲಗೊಳ್ಳುತ್ತದೆ. ವಿಶ್ರಾಂತಿಯೂ ಊಟವೂ ಇಲ್ಲದ ದುಡಿತ ಬಲವನ್ನು ಹೀರುತ್ತದೆ.

2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದ ಸಾರಿನಲ್ಲಿ ಅನ್ನ ಕಲಸಿಕೊಳ್ಳುವ ತಾಯಿಯ ಚಿತ್ರ ಈ ಅಂಕಿಯ ಹಿಂದಿದೆ. ಇದನ್ನು ನಾವು ತ್ಯಾಗ ಎಂದು ಹೊಗಳಿ ಸುಮ್ಮನಾಗುತ್ತೇವೆ. ತಂದೆಯರೇ, ಗಂಡುಮಕ್ಕಳೇ, ತಾಯಿಯ ತ್ಯಾಗದಿಂದ ನಮ್ಮ ಹೊಟ್ಟೆ ತುಂಬುತ್ತಿದ್ದರೆ ಅದನ್ನು ಹೊಗಳುವ ಮೊದಲು ನಾವು ನಮ್ಮ ಅಂತಃಕರಣವನ್ನು ಪರೀಕ್ಷಿಸಿಕೊಳ್ಳಬೇಕು. ಮೊಟ್ಟೆ, ಮೀನು, ಬೇಳೆ ಅವರ ತಟ್ಟೆಗೂ ಬೀಳಲಿ. ಕೊಡ ಹೊರುವ ಸರದಿ ಮಗನಿಗೂ ಬರಲಿ.

ಹೊಸ ವಿಗ್ರಹ

ಇನ್ನೊಂದು ಕಡೆಯ ಅಪಾಯವನ್ನೂ ಹೇಳಬೇಕು. ವ್ಯಾಯಾಮಶಾಲೆಯೇ ಹೊಸ ಪೀಠವಾಗಿ, ಅದರ ಗೋಡೆಗನ್ನಡಿಯ ಮುಂದೆ ದೇಹವೇ ವಿಗ್ರಹವಾಗಿ ನಿಲ್ಲಬಹುದು. "ತೆಳ್ಳಗಿರು" ಎಂಬ ಹಳೆಯ ಆಜ್ಞೆಯ ಜಾಗದಲ್ಲಿ "ಹೊಟ್ಟೆಯ ಗೆರೆ ಕಾಣಬೇಕು" ಎಂಬ ಹೊಸ ಆಜ್ಞೆ ಬಂದರೆ ಬಿಡುಗಡೆ ಎಲ್ಲಿ ಸಿಕ್ಕಿತು? ಯಜಮಾನ ಬದಲಾದ, ದಾಸ್ಯ ಉಳಿಯಿತು. ದೇಹದ ಆರೈಕೆಯನ್ನು ಪ್ರೋತ್ಸಾಹಿಸುವ ಧರ್ಮೋಪದೇಶ ಗ್ರಂಥವೇ 2289ನೇ ಅಂಕಣದಲ್ಲಿ ದೇಹದ ಆರಾಧನೆಯನ್ನು ಖಂಡಿಸುತ್ತದೆ. ಕ್ರೀಡೆಯನ್ನು ಕುರಿತು 2018ರ ಜೂನ್ 1ರಂದು ವ್ಯಾಟಿಕನ್ ಹೊರಡಿಸಿದ ದಾಖಲೆಯೂ ದೇಹವನ್ನು ಬರೀ ವಸ್ತುವಿನ ಮಟ್ಟಕ್ಕೆ ಇಳಿಸಬಾರದೆಂದು ಎಚ್ಚರಿಸುತ್ತದೆ.

ಈಗ ಕನ್ನಡಿ ಗೋಡೆಯಲ್ಲಷ್ಟೇ ಇಲ್ಲ, ಅಂಗೈಯಲ್ಲೂ ಇದೆ. ತಮ್ಮ ದೇಹದ ಬಗ್ಗೆ ಆಗಲೇ ಬೇಸರದಲ್ಲಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇಕಡಾ 32 ಮಂದಿ, ಇನ್‌ಸ್ಟಾಗ್ರಾಂ ನೋಡಿ ಆ ಬೇಸರ ಹೆಚ್ಚಾಯಿತು ಎಂದು ಹೇಳಿದ್ದರು. ಇದು ಆ ಕಂಪನಿಯೇ ನಡೆಸಿದ ಸಮೀಕ್ಷೆ. 2021ರಲ್ಲಿ ಪತ್ರಿಕೆಗಳ ಮೂಲಕ ಬಯಲಾಯಿತು. ಅಲ್ಲಿ ಕಾಣುವ ಎಷ್ಟೋ ಮುಖ, ಸೊಂಟಗಳು ಯಂತ್ರ ತಿದ್ದಿದವು. ಇಲ್ಲದ ದೇಹದೊಂದಿಗೆ ಇರುವ ದೇಹವನ್ನು ಹೋಲಿಸಿ ನಮ್ಮ ಮಕ್ಕಳು ಕೊರಗುತ್ತಿದ್ದಾರೆ.

ಈ ಕೊರಗು ಕೆಲವೊಮ್ಮೆ ಕಾಯಿಲೆಯಾಗುತ್ತದೆ. ಊಟ ತಪ್ಪಿಸಲು ನೆಪ ಹುಡುಕುವುದು, ಉಂಡದ್ದನ್ನು ಗುಟ್ಟಾಗಿ ವಾಂತಿ ಮಾಡುವುದು, ಮುಟ್ಟು ನಿಲ್ಲುವುದು, ಮೂಳೆ ಕಾಣುತ್ತಿದ್ದರೂ ದಪ್ಪಗಿದ್ದೇನೆ ಎನ್ನುವುದು: ಇವು ಹಟದ ಲಕ್ಷಣಗಳಲ್ಲ. ಬೈಯಬೇಡಿ, ಪ್ರಾರ್ಥನೆಯೊಂದೇ ಸಾಕು ಎಂದು ಕಾಯುತ್ತಲೂ ಕೂರಬೇಡಿ. ಬೇಗ ವೈದ್ಯರ ಬಳಿಗೆ, ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ತಪಸ್ಸುಕಾಲದ ಉಪವಾಸ ಇದಕ್ಕೆ ಮರೆಯಾಗದಿರಲಿ. ಉಪವಾಸದಲ್ಲಿ ಉಳಿಸಿದ ತುತ್ತು ಹಸಿದವರಿಗೆ ಸೇರಬೇಕು. ರವಿಕೆಯ ಅಳತೆಗಾಗಿ ಬಿಟ್ಟ ಊಟ ಉಪವಾಸವಲ್ಲ. ಕಾಯಿಲೆಯವರಿಗೆ ಉಪವಾಸದ ಕಟ್ಟಳೆಯೂ ಇಲ್ಲ.

ಯಾಯಿರನ ಮಗಳನ್ನು ನೆನಪಿಸಿಕೊಳ್ಳಿ. ಹನ್ನೆರಡು ವರ್ಷದ ಹುಡುಗಿ. ಪ್ರಭು ಯೇಸು ಆಕೆಯ ಕೈಹಿಡಿದು ಎಬ್ಬಿಸಿದರು, ಆಕೆ ಎದ್ದು ನಡೆದಾಡಿದಳು. ಮನೆಯವರೆಲ್ಲ ಬೆರಗಾಗಿ ನಿಂತಿದ್ದಾಗ ಪ್ರಭು ಕೊಟ್ಟ ಅಪ್ಪಣೆ ಏನು? ಆಕೆಗೆ ತಿನ್ನಲು ಏನಾದರೂ ಕೊಡಿ ಎಂದು. ಸಂತ ಮಾರ್ಕರು ಆ ಘಟನೆಯನ್ನು ಮುಗಿಸುವುದೇ ಅಲ್ಲಿ (5:43). ಜೀವ ಕೊಟ್ಟ ದೇವರಿಗೆ ಆ ಹುಡುಗಿಯ ಹಸಿವಿನ ಚಿಂತೆಯೂ ಇತ್ತು.

ಒಬ್ಬ ಸಂತೆಯ ಮಾದರಿಯನ್ನೂ ಕೊಡುತ್ತೇನೆ. ಇಟಲಿಯ ಜಿಯಾನ್ನಾ ಬೆರೆತ್ತಾ ಮೊಲ್ಲಾ ವೈದ್ಯೆ, ಗೃಹಿಣಿ, ತಾಯಿ. ಬೆಟ್ಟ ಹತ್ತುವುದು, ಹಿಮದ ಮೇಲೆ ಸ್ಕೀಯಿಂಗ್ ಮಾಡುವುದು ಅವರಿಗೆ ಬಲು ಪ್ರಿಯ. 1962ರಲ್ಲಿ ತಮ್ಮ ನಾಲ್ಕನೇ ಮಗುವಿನ ಜೀವಕ್ಕಾಗಿ ಪ್ರಾಣವನ್ನೇ ಒತ್ತೆಯಿಟ್ಟ ಅವರನ್ನು 2004ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಸಂತರ ಸಾಲಿಗೆ ಸೇರಿಸಿದರು. ತಮ್ಮ ಶರೀರದ ಚೈತನ್ಯವನ್ನು ಅವರು ಸಂತೋಷದಿಂದ ಅನುಭವಿಸಿದರು. ಸಮಯ ಬಂದಾಗ ಅದನ್ನೇ ಪ್ರೀತಿಗಾಗಿ ಧಾರೆಯೆರೆದರು.

ಪ್ರಿಯ ಬಂಧುಗಳೇ, ಈ ವಾರ ಪ್ರತಿ ಮನೆಯಲ್ಲೂ ಮೂರು ನಿರ್ಧಾರಗಳಾಗಲಿ. ಮೊದಲನೆಯದು, ಯಾರ ದೇಹದ ಬಗ್ಗೆಯೂ, ತಮಾಷೆಗಾದರೂ, ಊಟದ ಮೇಜಿನಲ್ಲಿ ಒಂದು ಮಾತೂ ಬೇಡ. ಎರಡನೆಯದು, ಮನೆಯ ಹೆಂಗಸರೂ ಎಲ್ಲರೊಂದಿಗೆ ಕುಳಿತು, ಎಲ್ಲರಷ್ಟೇ ಉಣ್ಣಲಿ. ಮೂರನೆಯದು, ತಾಯಿಯೋ ಮಗಳೋ ವ್ಯಾಯಾಮಕ್ಕೆ ಹೊರಟರೆ ಆ ಅರ್ಧ ಗಂಟೆಯ ಮನೆಗೆಲಸವನ್ನು ಗಂಡಸರು ವಹಿಸಿಕೊಳ್ಳಲಿ.

ನನ್ನ ಪ್ರೀತಿಯ ಹೆಣ್ಣುಮಕ್ಕಳೇ, ಕನ್ನಡಿಯ ಮುಂದೆ ನಿಂತಾಗ "ನಾನು ಹೇಗೆ ಕಾಣುತ್ತೇನೆ?" ಎಂಬ ಪ್ರಶ್ನೆ ಬರುವುದು ಸಹಜ. ಅದರ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಿ: "ದೇವರು ಈ ಕೈಕಾಲುಗಳನ್ನು ನನಗೆ ಯಾತಕ್ಕೆ ಕೊಟ್ಟರು?" ಆ ಪ್ರಶ್ನೆಗೆ ಕನ್ನಡಿ ಉತ್ತರ ಹೇಳಲಾರದು. ಮಗುವನ್ನು ಎತ್ತಿಕೊಂಡಾಗ, ರೋಗಿಯನ್ನು ಎಬ್ಬಿಸಿ ಕೂರಿಸಿದಾಗ, ಬೆಟ್ಟ ಹತ್ತಿ ತಂಗಾಳಿಗೆ ಮುಖವೊಡ್ಡಿದಾಗ, ಪರಮಪ್ರಸಾದ ಸ್ವೀಕರಿಸಿ ಮೊಣಕಾಲೂರಿದಾಗ ಉತ್ತರ ತಾನಾಗಿ ತಿಳಿಯುತ್ತದೆ. ನಮ್ಮಂತೆಯೇ ದೇಹ ಧರಿಸಿ ಬಂದ ಪ್ರಭು ನಿಮ್ಮ ದೇಹವನ್ನೂ ಮನಸ್ಸನ್ನೂ ಆಶೀರ್ವದಿಸಲಿ.