ತರಗತಿಯ ಮುಂದೆ ನಿಲ್ಲುವವರು

ಶಾಲೆಗಳು ತೆರೆಯುವ ದಿನಗಳು ಬಂದವೆಂದರೆ ದಾವಣಗೆರೆಯ ಬಾಷಾ ನಗರ, ಆಝಾದ್ ನಗರ ಮತ್ತು ಮಂಡಕ್ಕಿ ಭಟ್ಟಿಗಳ ಸುತ್ತಲಿನ ಓಣಿಗಳಲ್ಲಿ ಒಂದೇ ಚರ್ಚೆ. ಮಗುವನ್ನು ಉರ್ದು ಶಾಲೆಗೆ ಸೇರಿಸಬೇಕೇ, ಕನ್ನಡ ಶಾಲೆಗೆ ಸೇರಿಸಬೇಕೇ? ಭಟ್ಟಿಯಲ್ಲಿ ದುಡಿಯುವ ಸಹೋದರರೊಬ್ಬರು ಇದೇ ಪ್ರಶ್ನೆಯನ್ನು ನನ್ನ ಮುಂದಿಟ್ಟರು.

"ಭಾಯಿ, ಕನ್ನಡ ಶಾಲೆಗೆ ಹಾಕಿದರೆ ಮುಂದೆ ಅನ್ನಕ್ಕೆ ದಾರಿಯಾಗುತ್ತದೆ, ಅದು ನನಗೂ ಗೊತ್ತು. ಆದರೆ ಅಲ್ಲಿ ಮೇಷ್ಟ್ರುಗಳಲ್ಲಿ ನಮ್ಮವರು ಒಬ್ಬರೂ ಇಲ್ಲ. ನಾನು ಓದುವಾಗ ನಾಲ್ಕು ವರ್ಷ ನನ್ನನ್ನು 'ಸಾಬರ ಹುಡುಗ' ಎಂದೇ ಕರೆದರು. ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ನನ್ನ ಮಗಳಿಗೆ ಅದು ಬೇಡ."

ಈ ಮಾತಿಗೆ ಥಟ್ಟನೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ನಮ್ಮ ಮಕ್ಕಳಿಗೆ ಕಲಿಸುವ ಶಿಕ್ಷಕರು ನಮ್ಮವರೇ ಆಗಿರಲಿ ಎಂದು ಬಯಸುವುದು ನ್ಯಾಯವೇ? ಅಥವಾ ಅದೂ ಒಂದು ರೀತಿಯ ಪಕ್ಷಪಾತವೇ? ಸತ್ಯವಿಶ್ವಾಸಿಯು ಈ ಪ್ರಶ್ನೆಯನ್ನು ಕೇವಲ ಲಾಭನಷ್ಟದ ದೃಷ್ಟಿಯಿಂದ ನೋಡಿ ಮುಗಿಸುವಂತಿಲ್ಲ. ಅಲ್ಲಾಹನ ಮುಂದೆ ಉತ್ತರಿಸಬೇಕಾದ ಪ್ರಶ್ನೆಯೆಂದೇ ಅದನ್ನು ಎತ್ತಿಕೊಳ್ಳಬೇಕು.

ಒಂದು ನೋಟದ ಲೆಕ್ಕ

ಆ ತಂದೆಯ ನೋವನ್ನು ಹಗುರವಾಗಿ ಕಾಣಬಾರದು. ಅಡ್ಡ ಹೆಸರಿನಿಂದ ಕರೆದು ಮನುಷ್ಯರನ್ನು ಹಂಗಿಸುವುದನ್ನು ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್ ಸ್ಪಷ್ಟವಾಗಿ ನಿಷೇಧಿಸಿದೆ. ಮಗುವಿಗೆ ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರನ್ನು ಬದಿಗಿಟ್ಟು ಅದರ ಜಾತಿಯಿಂದಲೋ ಧರ್ಮದಿಂದಲೋ ಕರೆಯುವಾಗ, ನೀನು ನೀನಲ್ಲ, ನೀನು ಒಂದು ಗುಂಪು ಎಂದು ಹೇಳಿದಂತಾಗುತ್ತದೆ.

ಈ ವಿಷಯದಲ್ಲಿ ಸೂರಃ ಅಬಸದ ಆರಂಭದ ಸೂಕ್ತಗಳನ್ನು ಪ್ರತಿಯೊಬ್ಬ ಶಿಕ್ಷಕನೂ ಮನನ ಮಾಡಬೇಕು. ಪ್ರವಾದಿವರ್ಯರು(ಸ) ಮಕ್ಕಾದ ಪ್ರಮುಖರೊಡನೆ ಮಾತನಾಡುತ್ತಿದ್ದರು. ಅವರು ಸತ್ಯವನ್ನು ಒಪ್ಪಿಕೊಂಡಾರೆಂಬ ಆಸೆ ಪ್ರವಾದಿವರ್ಯರಿಗಿತ್ತು. ಅದೇ ವೇಳೆಗೆ ಅಂಧರಾಗಿದ್ದ ಹಝ್ರತ್ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ) ಏನನ್ನೋ ಕಲಿಯಬೇಕೆಂದು ಬಂದರು. ಮಾತಿನ ನಡುವೆ ಅಡ್ಡಿಯಾದುದರಿಂದ ಪ್ರವಾದಿವರ್ಯರ(ಸ) ಮುಖದಲ್ಲಿ ಅಸಮಾಧಾನ ಮೂಡಿತು. ಆಗ ಅಲ್ಲಾಹನು ಆ ಕುರಿತು ಎಚ್ಚರಿಸಿದನು. ಕಲಿಯುವ ಹಂಬಲದಿಂದ ಬಂದವನನ್ನು ಬಿಟ್ಟು, ತನಗೆ ಯಾವುದರ ಅಗತ್ಯವೂ ಇಲ್ಲವೆಂದುಕೊಂಡವರ ಕಡೆಗೆ ಗಮನ ಹರಿಸಬಾರದೆಂಬ ಪಾಠವನ್ನು ಲೋಕಾಂತ್ಯದವರೆಗೂ ಓದಲ್ಪಡುವ ಗ್ರಂಥದಲ್ಲಿ ದಾಖಲಿಸಿದನು.

ಬಂದವರು ಅಂಧರು. ಆ ಮುಖಭಾವ ಅವರಿಗೆ ಕಾಣಿಸಿರಲೇ ಇಲ್ಲ. ಆದರೂ ಅದು ಅಲ್ಲಾಹನ ಲೆಕ್ಕಕ್ಕೆ ಬಂತು. ಹಾಗಾದರೆ ಎಲ್ಲವನ್ನೂ ಕಾಣಬಲ್ಲ ಐವತ್ತು ಜೋಡಿ ಕಣ್ಣುಗಳ ಮುಂದೆ ನಿಂತ ಶಿಕ್ಷಕನ ಮುಖಭಾವ ಎಷ್ಟು ದೊಡ್ಡ ಹೊಣೆ! ಮುಂದಿನ ಬೆಂಚಿನ ಶ್ರೀಮಂತರ ಮಗನಿಗೆ ನಗು, ಹಿಂದಿನ ಬೆಂಚಿನ ಬೀಡಿ ಕಟ್ಟುವವಳ ಮಗಳಿಗೆ ಗಂಟುಮುಖ ಎಂದಾದರೆ, ಆ ಮಗು ಅದನ್ನು ಅಕ್ಷರಕ್ಕಿಂತ ಮೊದಲೇ ಕಲಿಯುತ್ತದೆ. ಮುಂದೆ ಅದೇ ಇಬ್ನು ಉಮ್ಮಿ ಮಕ್ತೂಮರು(ರ) ಹಝ್ರತ್ ಬಿಲಾಲರ(ರ) ಜೊತೆಗೆ ಮುಅದ್ದಿನ್ ಆದರು. ಪ್ರವಾದಿವರ್ಯರು(ಸ) ಹೊರಗೆ ಹೋದಾಗ ಅನೇಕ ಬಾರಿ ಮದೀನಾದ ಹೊಣೆಯನ್ನೂ ಹೊತ್ತರು. ಕಲಿಯಲು ಬಂದವನನ್ನು ಗೌರವಿಸಿದರೆ ಅವನು ಎಲ್ಲಿಯವರೆಗೆ ಏರಬಲ್ಲನೆಂಬುದಕ್ಕೆ ಇದು ಸಾಕ್ಷಿ.

ನಮ್ಮವರಾದರೆ ಸಾಕೇ?

ಹಾಗಿದ್ದರೆ ಶಿಕ್ಷಕರು ನಮ್ಮವರಾದರೆ ಮಾತ್ರ ನ್ಯಾಯ ಸಿಗುತ್ತದೆಯೇ? ಇಸ್ಲಾಮಿನ ಇತಿಹಾಸವು ಹಾಗೆ ಹೇಳುವುದಿಲ್ಲ. ಹಿಜರಿ 2ರಲ್ಲಿ ಬದ್ರ್ ಯುದ್ಧ ನಡೆಯಿತು. ಸೆರೆಸಿಕ್ಕವರಲ್ಲಿ ಕೆಲವರಿಗೆ ಪರಿಹಾರಧನ ತೆರಲು ಸಾಮರ್ಥ್ಯವಿರಲಿಲ್ಲ. ಆದರೆ ಅವರಿಗೆ ಓದುಬರಹ ಬರುತ್ತಿತ್ತು. ಅಂಥವರು ತಲಾ ಹತ್ತು ಮಂದಿ ಮಕ್ಕಳಿಗೆ ಅಕ್ಷರ ಕಲಿಸಿದರೆ ಬಿಡುಗಡೆ ಎಂದು ತೀರ್ಮಾನವಾಯಿತು. ನಿನ್ನೆಯವರೆಗೆ ಖಡ್ಗ ಹಿಡಿದು ಎದುರು ನಿಂತವರ ಮುಂದೆ ಇಂದು ಅನ್ಸಾರರ ಮಕ್ಕಳು ಪಾಠಕ್ಕೆ ಕುಳಿತರು! ವಿದ್ಯೆ ಕಲಿಸುವವನ ಧರ್ಮವನ್ನು ಮೊದಲು ವಿಚಾರಿಸಬೇಕೆಂದಿದ್ದರೆ ಹೀಗಾಗುತ್ತಿತ್ತೇ?

ನಮ್ಮ ಅನುಭವವೂ ಬೇರೆಯಲ್ಲ. ನಮ್ಮಲ್ಲಿ ಅನೇಕರ ಕೈಹಿಡಿದು ಸ್ಲೇಟಿನ ಮೇಲೆ ಅ, ಆ ತಿದ್ದಿಸಿದವರು ಅನ್ಯ ಧರ್ಮದ ಮೇಷ್ಟ್ರುಗಳು. ರಮಝಾನಿನಲ್ಲಿ ಉಪವಾಸವಿದ್ದ ನಮ್ಮನ್ನು ಆಟದ ಪೀರಿಯಡ್ಡಿನಲ್ಲಿ ಓಡಿಸದೆ ಬೇವಿನ ಮರದ ನೆರಳಿನಲ್ಲಿ ಕೂರಿಸಿ ಕತೆ ಹೇಳಿದ ಲಿಂಗಾಯತ ಮೇಷ್ಟ್ರೊಬ್ಬರ ನೆನಪು ನನಗಿದೆ. ಅವರು ನಮ್ಮನ್ನೆಲ್ಲ ಹೆಸರು ಹಿಡಿದೇ ಕರೆಯುತ್ತಿದ್ದರು. ನ್ಯಾಯವು ಒಂದು ಸಮುದಾಯದ ಸ್ವತ್ತಲ್ಲವೆಂದು ನಾನು ಮೊದಲು ಅರಿತದ್ದು ಅವರಿಂದ.

ಹಾಗಾದರೆ ಎಲ್ಲ ಸಮುದಾಯದ ಶಿಕ್ಷಕರೂ ಇರಬೇಕೆಂಬ ಬೇಡಿಕೆಯೇ ಅನಗತ್ಯವೇ? ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು.

ಪಾಲು ಕೇಳುವುದು ಭಿಕ್ಷೆಯಲ್ಲ

ಈ ಬೇಡಿಕೆ ನಿನ್ನೆ ಮೊನ್ನೆಯದಲ್ಲ. ದಾವಣಗೆರೆ, ಹರಿಹರಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸರಕಾರಿ ಹುದ್ದೆಗಳು ಒಂದೇ ಸಮುದಾಯದಲ್ಲಿ ಕೂಡಿಕೊಂಡಿದ್ದುದನ್ನು ಆ ಸಮಿತಿ ಪರಿಶೀಲಿಸಿತು. ಹಿಂದುಳಿದ ಸಮುದಾಯಗಳಿಗೆ, ಮುಸ್ಲಿಮರೂ ಸೇರಿದಂತೆ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಪಾಲು ದೊರೆಯಬೇಕೆಂದು 1919ರಲ್ಲಿ ಶಿಫಾರಸು ಮಾಡಿತು. ಸ್ವತಂತ್ರ ಭಾರತದ ಸಂವಿಧಾನವೂ 16(4)ನೇ ವಿಧಿಯಲ್ಲಿ, ಸರಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ಹಿಂದುಳಿದ ವರ್ಗಗಳಿಗೆ ಮೀಸಲಾತಿ ನೀಡಲು ಅವಕಾಶ ಕಲ್ಪಿಸಿತು. ಕರ್ನಾಟಕದಲ್ಲಿ 1995ರಲ್ಲಿ ಮುಸ್ಲಿಮರಿಗೆ 2ಬಿ ಪ್ರವರ್ಗದಡಿ ಶೇಕಡಾ 4ರ ಮೀಸಲಾತಿ ಜಾರಿಗೆ ಬಂತು. 2023ರ ಮಾರ್ಚಿನಲ್ಲಿ ಅಂದಿನ ಸರಕಾರ ಅದನ್ನು ರದ್ದುಪಡಿಸಲು ಹೊರಟಿತು. ವಿಷಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ, ಎಪ್ರಿಲಿನಲ್ಲಿ, ಸದ್ಯಕ್ಕೆ ಆ ಆದೇಶವನ್ನು ಜಾರಿಗೊಳಿಸುವುದಿಲ್ಲವೆಂದು ಸರಕಾರವೇ ಒಪ್ಪಿಕೊಳ್ಳಬೇಕಾಯಿತು.

ಈ ಪಾಲು ಯಾತಕ್ಕಾಗಿ? ಕೇವಲ ಕೆಲವರ ಸಂಬಳಕ್ಕಾಗಿಯೇ? ಅಮೆರಿಕದ ಒಂದು ಅನುಭವ ಇಲ್ಲಿ ಉಪಯುಕ್ತ. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಸರಕಾರಿ ಶಾಲೆಗಳಿರುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಮಹತ್ವದ ತೀರ್ಪು ಅದು. ಆದರೆ ಮುಂದಿನ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳು ಕರಿಯರ ಶಾಲೆಗಳನ್ನು ಮುಚ್ಚಿ ಮಕ್ಕಳನ್ನು ಬಿಳಿಯರ ಶಾಲೆಗೆ ಕಳುಹಿಸಿದಾಗ ಸಾವಿರಾರು ಮಂದಿ ಕರಿಯ ಶಿಕ್ಷಕರು ಕೆಲಸ ಕಳೆದುಕೊಂಡರು. ಮಕ್ಕಳಿಗೆ ಬಾಗಿಲು ತೆರೆಯಿತು, ಗುರುಗಳಿಗೆ ಮುಚ್ಚಿತು. ಕರಿಯ ಮಗು ಗುರುವಿನ ಸ್ಥಾನದಲ್ಲಿ ತನ್ನವರನ್ನು ಕಾಣದಾಯಿತು. ಬಿಳಿಯ ಮಗುವೂ ಕರಿಯನೊಬ್ಬನಿಗೆ ಎದ್ದು ನಿಂತು ನಮಸ್ಕರಿಸುವ ಅವಕಾಶವನ್ನು ಕಳೆದುಕೊಂಡಿತು. ಈ ಎರಡನೆಯ ನಷ್ಟವನ್ನು ಗಮನಿಸಿದವರು ಕಡಿಮೆ.

ನಮ್ಮಲ್ಲಿ ಆಗಿರುವುದೂ ಇದಕ್ಕೆ ಹತ್ತಿರದ ಸಂಗತಿ. ಸರಕಾರಿ ಶಾಲೆಗಳಲ್ಲಿ ಮುಸ್ಲಿಮ್ ಶಿಕ್ಷಕ ಶಿಕ್ಷಕಿಯರು ಇಲ್ಲವೆಂದಲ್ಲ. ಆದರೆ ಅವರಲ್ಲಿ ಬಹಳ ಮಂದಿ ಕಾಣಸಿಗುವುದು ಉರ್ದು ಶಾಲೆಗಳಲ್ಲಿ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಪಡೆಯುವುದು ಮಗುವಿನ ಹಕ್ಕು, ಸಂವಿಧಾನದ 350ಎ ವಿಧಿ ಅದನ್ನು ಮನ್ನಿಸಿದೆ. ಉರ್ದು ಶಾಲೆಗಳು ಬೇಡವೆಂದು ಯಾರೂ ಹೇಳಲಾಗದು. ಆದರೆ ಇದರ ಫಲವಾಗಿ ನಮ್ಮ ಶಿಕ್ಷಕರು ನಮ್ಮ ಮಕ್ಕಳನ್ನು ಮಾತ್ರ, ಅವರ ಶಿಕ್ಷಕರು ಅವರ ಮಕ್ಕಳನ್ನು ಮಾತ್ರ ನೋಡುವಂತಾದರೆ ಊರಿನ ಗತಿಯೇನು?

ಒಂದು ಕಾಲದಲ್ಲಿ ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಎಲ್ಲ ಜಾತಿ ಧರ್ಮದವರೂ ಒಂದೇ ಪಾಳಿಯಲ್ಲಿ ದುಡಿದು ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದರು. ಬಹುತೇಕ ಗಿರಣಿಗಳು ಮುಚ್ಚಿದವು. ಆ ಕಾರ್ಖಾನೆಯೂ ಮುಚ್ಚಿತು. ಬಡಾವಣೆಗಳು ಬೇರೆ ಬೇರೆಯಾದವು. ಇನ್ನು ಒಟ್ಟಿಗೆ ಕೂರಲು ಉಳಿದಿರುವುದು ಸರಕಾರಿ ಶಾಲೆಯೊಂದೇ. 2022ರ ಫೆಬ್ರವರಿಯಲ್ಲಿ ಶಿರವಸ್ತ್ರದ ವಿವಾದ ಭುಗಿಲೆದ್ದಾಗ ಹರಿಹರದಲ್ಲಿ ಕಲ್ಲು ತೂರಾಟವಾಯಿತು. ಹರಿಹರ, ದಾವಣಗೆರೆ ಎರಡೂ ಕಡೆ ನಿಷೇಧಾಜ್ಞೆ ಬಂತು. ತಲೆಗೆ ಸೆರಗು ಹೊದ್ದ ಶಿಕ್ಷಕಿಯೊಬ್ಬರಿಂದ ಬಾಲ್ಯದಲ್ಲಿ ಮಗ್ಗಿ ಕಲಿತ ಹುಡುಗನಿಗೆ, ಅದೇ ರೀತಿ ತಲೆ ಮುಚ್ಚಿಕೊಂಡು ಬಂದ ಸಹಪಾಠಿ ಅಪರಿಚಿತಳಾಗಿ ಕಾಣುತ್ತಿದ್ದಳೇ?

ಆದುದರಿಂದ ನಾವು ಕೇಳಬೇಕಾದುದು ನಮ್ಮ ಮಕ್ಕಳಿಗೆ ನಮ್ಮವರೇ ಶಿಕ್ಷಕರಾಗಲಿ ಎಂದಲ್ಲ. ನಮ್ಮವರು ಎಲ್ಲರ ಮಕ್ಕಳಿಗೂ ಕಲಿಸಲಿ, ಎಲ್ಲರೂ ನಮ್ಮ ಮಕ್ಕಳಿಗೂ ಕಲಿಸಲಿ ಎಂದು ಕೇಳಬೇಕು. ಮೊದಲನೆಯದು ಗೋಡೆ ಕಟ್ಟುವ ಬೇಡಿಕೆ. ಎರಡನೆಯದು ನ್ಯಾಯದ ಬೇಡಿಕೆ.

ಮೊದಲು ನಮ್ಮ ಅಂಗಳ

ಆದರೆ ನ್ಯಾಯ ಕೇಳುವವನಿಗೆ ಒಂದು ಷರತ್ತಿದೆ. ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕು, ಅದು ನಮ್ಮ ವಿರುದ್ಧವಾದರೂ, ಹೆತ್ತವರ ಮತ್ತು ಬಂಧುಗಳ ವಿರುದ್ಧವಾದರೂ ಸರಿ ಎಂದು ಸೂರಃ ಅನ್ನಿಸಾ ನಮಗೆ ಆಜ್ಞಾಪಿಸುತ್ತದೆ. ಈ ಕನ್ನಡಿಯಲ್ಲಿ ನಮ್ಮ ಮುಖ ಹೇಗೆ ಕಾಣುತ್ತದೆ?

ನಮ್ಮ ಆಡಳಿತದ ಶಾಲೆಗಳಲ್ಲಿ ಹುದ್ದೆ ಖಾಲಿಯಾದಾಗ ಅರ್ಹರನ್ನು ಹುಡುಕುತ್ತೇವೆಯೇ, ಕಮಿಟಿಯವರ ಅಳಿಯನನ್ನು ಹುಡುಕುತ್ತೇವೆಯೇ? ಮಕ್ಕಾ ವಿಜಯದ ದಿನ ಕಅಬಾದ ಬೀಗದಕೈ ಪ್ರವಾದಿವರ್ಯರ(ಸ) ಕೈಯಲ್ಲಿತ್ತು. ಆ ಗೌರವ ತಮ್ಮ ಮನೆತನಕ್ಕೆ ಸಿಗಲೆಂದು ಸ್ವಂತ ಬಂಧುಗಳೇ ಕೋರಿದರು. ಆದರೆ ಅವರು ಅದನ್ನು ಮೊದಲಿಂದಲೂ ಕಾಪಾಡಿಕೊಂಡು ಬಂದಿದ್ದ ಉಸ್ಮಾನ್ ಇಬ್ನು ತಲ್ಹಾರಿಗೇ ಹಿಂದಿರುಗಿಸಿದರು. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂಬ ಕುರ್‌ಆನಿನ ಆಜ್ಞೆಯನ್ನು ವ್ಯಾಖ್ಯಾನಕಾರರು ಈ ಘಟನೆಯೊಂದಿಗೆ ಸ್ಮರಿಸುತ್ತಾರೆ. ಶಿಕ್ಷಕನ ಕುರ್ಚಿಯೂ ಒಂದು ಅಮಾನತ್ತು.

ಇನ್ನೊಂದು ಮಾತು. ಇಸ್ಲಾಮಿನಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯಲ್ಲಿ ಹೇಳುವ ನಾವು, ಪಿಂಜಾರರ ಹುಡುಗ, ಕಸಾಯಿಯ ಮಗ, ಛಪ್ಪರಬಂದರ ಹುಡುಗಿ ಎಂದು ನಮ್ಮದೇ ಮದ್ರಸಾಗಳಲ್ಲಿ ಮಕ್ಕಳನ್ನು ಗುರುತಿಸುವುದಿಲ್ಲವೇ? 'ಸಾಬರ ಹುಡುಗ' ಎಂಬ ಮಾತಿಗೂ ಇದಕ್ಕೂ ವ್ಯತ್ಯಾಸವೇನು? ನಮ್ಮ ಶಾಲೆಗೆ ದಲಿತ ಶಿಕ್ಷಕರು ಬಂದರೆ ಮನೆಗೆ ಕರೆದು ನಮ್ಮ ತಟ್ಟೆಯಲ್ಲೇ ಊಟ ಬಡಿಸುತ್ತೇವೆಯೇ? ಹಝ್ರತ್ ಅಬೂದರ್(ರ) ಒಮ್ಮೆ ಕೋಪದಲ್ಲಿ ಒಬ್ಬರನ್ನು ಅವರ ತಾಯಿಯ ಮೂಲವನ್ನೆತ್ತಿ ಹಂಗಿಸಿದಾಗ, ಅವರಲ್ಲಿ ಅಜ್ಞಾನಕಾಲದ ಅಂಶ ಇನ್ನೂ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅಂತಹ ಶ್ರೇಷ್ಠ ಸಹಾಬಿಗೇ ಆ ಎಚ್ಚರಿಕೆ ಬೇಕಾಯಿತೆಂದರೆ ನಮಗೆ ಬೇಡವೇ?

ನಾವು ಮಾಡಬಹುದಾದುದು

ಮೊದಲನೆಯದಾಗಿ, ನಮ್ಮ ಮಕ್ಕಳು ಶಿಕ್ಷಕರಾಗಲು ಸಿದ್ಧರಾಗಬೇಕು. ಕನ್ನಡ ಶಾಲೆಯಲ್ಲಿ ಕಲಿಸಬೇಕಾದರೆ ಕನ್ನಡ ಚೆನ್ನಾಗಿ ಬರಬೇಕು. ಉರ್ದು ಶಾಲೆಗೆ ಕಳುಹಿಸಿದರೂ ಕನ್ನಡವನ್ನು ಕಡೆಗಣಿಸಬಾರದು. ಹೆಣ್ಣುಮಗಳು ಡಿ.ಎಡ್., ಬಿ.ಎಡ್. ಮಾಡುತ್ತೇನೆಂದರೆ ಮದುವೆಯ ಖರ್ಚಿನ ಲೆಕ್ಕ ಹೇಳಿ ತಡೆಯಬಾರದು. ಮೀಸಲಾತಿಯಿದ್ದೂ ಅರ್ಜಿ ಹಾಕುವವರಿಲ್ಲದಿದ್ದರೆ ದೂರುವುದು ಯಾರನ್ನು?

ಎರಡನೆಯದಾಗಿ, ಶಾಲೆಯ ಎಸ್.ಡಿ.ಎಂ.ಸಿ. ಸಭೆಗೆ ಹೋಗಬೇಕು. ಮಗುವಿಗೆ ಅವಮಾನವಾದರೆ ಓಣಿಯಲ್ಲಿ ಕುಳಿತು ಗೊಣಗುವ ಬದಲು ಸಂಬಂಧಪಟ್ಟ ಶಿಕ್ಷಕರ ಬಳಿ ಸೌಜನ್ಯದಿಂದ, ಆದರೆ ಸ್ಪಷ್ಟವಾಗಿ ಮಾತನಾಡಬೇಕು. ಎಷ್ಟೋ ಮಂದಿ ಅಭ್ಯಾಸಬಲದಿಂದ ಆಡಿದ ಮಾತು ಅದು, ಹೇಳಿದರೆ ತಿದ್ದಿಕೊಳ್ಳುತ್ತಾರೆ.

ಮೂರನೆಯದಾಗಿ, ನಮ್ಮಲ್ಲಿ ಶಿಕ್ಷಕರಾದವರು ನೆನಪಿಡಬೇಕು. ಅನ್ಯ ಧರ್ಮದ ಮಗುವಿಗೆ ನೀವು ಕಲಿಸುವ ಗಣಿತ, ವಿಜ್ಞಾನಗಳ ಜೊತೆಗೆ ನಿಮ್ಮ ನಡತೆಯೂ ಒಂದು ಪಾಠ. ಆ ಮಗು ಮುಸ್ಲಿಮರ ಬಗ್ಗೆ ಮುಂದೆ ಏನನ್ನು ಕೇಳಿದರೂ ನಿಮ್ಮ ಮುಖವನ್ನು ನೆನೆದು ತೂಗಿ ನೋಡುತ್ತದೆ. ಹಾಗೆಂದು ನಿಮ್ಮ ಸಮುದಾಯದ ಮಗುವಿಗೆ ಒಂದು ಅಂಕ ಹೆಚ್ಚು ಕೊಟ್ಟರೆ ಅದೂ ಅನ್ಯಾಯವೇ.

ಆ ಸಹೋದರರಿಗೆ ನಾನು ಇಷ್ಟು ಹೇಳಿದೆ: "ಭಾಯಿ, ಶಾಲೆ ಯಾವುದೆಂಬುದನ್ನು ನೀವೂ ಭಾಭಿಯೂ ಕುಳಿತು ನಿರ್ಧರಿಸಿ. ಆದರೆ ಅಲ್ಲಿ ನಮ್ಮವರಿಲ್ಲ ಎಂಬ ಒಂದೇ ಕಾರಣಕ್ಕೆ ಹಿಂದೆ ಸರಿಯಬೇಡಿ. ನಿಮ್ಮ ಮಗಳು ಅಲ್ಲಿ ಕೂರದಿದ್ದರೆ ನಾಳೆ ಅಲ್ಲಿ ನಿಂತು ಕಲಿಸುವವಳು ಯಾರು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಮಗಳ ಕೈಹಿಡಿದು ಕನ್ನಡ ಶಾಲೆಗೆ ಹೋದರು. ಹೆಸರು ಬರೆಸುವಾಗ, "ಮೇಡಮ್, ಇವಳನ್ನು ದಯವಿಟ್ಟು ಹೆಸರು ಹಿಡಿದೇ ಕರೆಯಿರಿ" ಎಂದು ವಿನಂತಿಸಿದರಂತೆ. ಆ ಶಿಕ್ಷಕಿ ಮಗುವಿನ ಹೆಸರನ್ನು ಎರಡು ಸಲ ಉಚ್ಚರಿಸಿ, ಸರಿಯಾಯಿತೇ ಎಂದು ಮಗುವನ್ನೇ ಕೇಳಿದರಂತೆ.

ನ್ಯಾಯವನ್ನು ಕೇಳುವ ಧೈರ್ಯವನ್ನೂ, ನಾವೇ ನ್ಯಾಯವಂತರಾಗಿ ಬದುಕುವ ಭಾಗ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.