ಕಣ್ಣಿನ ದೋಷವನ್ನು ಅರಿಯುವವರು ಯಾರು?

ಕೋರಾಯ್ಡಲ್ ಆಸ್ಟಿಯೋಮಾ ಎಂದರೆ ಅಕ್ಷಿಪಟದ ಹಿಂದಿನ ರಕ್ತನಾಳಗಳ ಪದರದಲ್ಲಿ ಮೂಳೆಯೇ ಬೆಳೆಯುವ ಅಪರೂಪದ ಗಡ್ಡೆ. 1978ರಲ್ಲಿ ಡೊನಾಲ್ಡ್ ಗ್ಯಾಸ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಹೆಚ್ಚಾಗಿ ಎಳೆಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕಾಣುತ್ತದೆ. ಕ್ಯಾನ್ಸರ್ ಅಲ್ಲದ ಕಾರಣ ಜೀವಕ್ಕೆ ಅಪಾಯವಿಲ್ಲ, ದೃಷ್ಟಿಗೆ ಇದೆ. ಗಡ್ಡೆಯ ಮೇಲೆ ದುರ್ಬಲವಾದ ಹೊಸ ರಕ್ತನಾಳಗಳು ಹುಟ್ಟಿ ನೀರು, ರಕ್ತ ಸೋರಬಹುದು. ಸುಣ್ಣದ ಅಂಶ ಕರಗಿದ ಕಡೆ ಅಕ್ಷಿಪಟ ಸವೆಯುತ್ತದೆ. ಅಕ್ಷಿಪಟದ ಓಸಿಟಿ ಸ್ಕ್ಯಾನ್ ಚಿತ್ರದಲ್ಲಿ ಇವೆರಡೂ ಪದರಪದರವಾಗಿ ಕಾಣುತ್ತವೆ. ರೋಗಿಗೆ ಕಾಣುವುದೇ ಬೇರೆ: ಕಿಟಕಿಯ ನೇರ ಸರಳು ನಡುವೆ ಬಾಗಿದಂತೆ.

ಬಾಗಿದ್ದು ಸರಳಲ್ಲ, ದೋಷ ಕಣ್ಣಿನದು ಎಂದು ಅರಿಯುವುದು ಯಾವುದು? ಭಾರತೀತೀರ್ಥರದೆಂದೂ ವಿದ್ಯಾರಣ್ಯರದೆಂದೂ ಹೇಳಲಾಗುವ ಅದ್ವೈತ ಗ್ರಂಥ ‘ದೃಗ್‌ದೃಶ್ಯವಿವೇಕ’ ಈ ಪ್ರಶ್ನೆಯಿಂದಲೇ ಹೊರಡುತ್ತದೆ. ಅದರ ಪ್ರಕಾರ ಕಣ್ಣಿನ ಮಂದತೆ, ಚುರುಕು, ಕುರುಡುತನಗಳನ್ನು ಅರಿಯುವುದು ಮನಸ್ಸು. ಮನಸ್ಸನ್ನೂ ಬೆಳಗುವುದು ಸಾಕ್ಷಿ, ಅಂದರೆ ಶುದ್ಧ ಅರಿವು. ಆ ಸಾಕ್ಷಿಯನ್ನು ಇನ್ನೊಂದು ನೋಡಲಾರದು. ಸ್ಕ್ಯಾನ್ ಯಂತ್ರ ಎಷ್ಟು ಸೂಕ್ಷ್ಮವಾದರೂ ಅದು ತೋರಿಸುವುದು ದೃಶ್ಯವನ್ನೇ, ನೋಡುವವನನ್ನಲ್ಲ. ಅದ್ವೈತದ ಈ ವಿವೇಚನೆಯಲ್ಲಿ ಗಟ್ಟಿಯಾದ ಸಮಾಧಾನವಿದೆ: ಕಣ್ಣು ಕೆಟ್ಟರೆ ಅರಿವು ಕೆಡುವುದಿಲ್ಲ.

ಆದರೆ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮರೆಸುವಾಗ ಮನಸ್ಸಿಗೂ ಸುಳಿವು ಸಿಗದು. ಅಲ್ಲಿ ಪರೀಕ್ಷೆಯೇ ಪ್ರಮಾಣ. ಹಣೆಬರಹ, ಪೂರ್ವಕರ್ಮ ಎಂದು ಕೈಕಟ್ಟಿ ಕೂರುವುದು ವೇದಾಂತವಲ್ಲ. ಕರ್ಮಸಿದ್ಧಾಂತವೂ ಪ್ರಯತ್ನವನ್ನು ಬೇಡವೆನ್ನುವುದಿಲ್ಲ. ಸೋರುವ ನಾಳಗಳಿಗೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ. ಸವೆದ ಅಕ್ಷಿಪಟ ಮಾತ್ರ ಮರಳದು. ನೇರ ಗೆರೆ ಬಾಗಿ ಕಂಡವರು ತಡಮಾಡದೆ ಅಕ್ಷಿಪಟ ತಜ್ಞರ ಬಳಿ ಹೋಗಬೇಕು.