ನಾಲ್ಕು ಚಕ್ರಗಳ ಅಮಾನತು

2024ರ ಮಳೆಗಾಲಕ್ಕೆ ಕೆಲವು ದಿನ ಮುಂಚೆ, ಅಸರ್ ನಮಾಝಿನ ಬಳಿಕ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಸೀದಿಯ ಅಂಗಳದಲ್ಲಿ ಕಾದು ನಿಂತಿದ್ದ. ಹನ್ನೊಂದು ವರ್ಷ ದುಬೈಯಲ್ಲಿ ದುಡಿದು ಊರಿಗೆ ಮರಳಿದವನು. ಬಡ್ಡಿಯ ಸಾಲಕ್ಕೆ ಕೈಯೊಡ್ಡದೆ, ಕೂಡಿಟ್ಟ ಹಣದಿಂದ 2012ರ ಮಾದರಿಯ ಮರ್ಸಿಡಿಸ್ ಸಿ-ಕ್ಲಾಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದ. ಅವನ ಪ್ರಶ್ನೆ ಕಾರಿನ ಬಗ್ಗೆಯಲ್ಲ, ಅದರ ಚಕ್ರಗಳ ಬಗ್ಗೆ.

"ಉಸ್ತಾದರೇ, ಕಂಪೆನಿಯ ಹದಿನಾರು ಇಂಚಿನ ಚಕ್ರ ತೆಗೆದು ಹತ್ತೊಂಬತ್ತು ಇಂಚಿನ ಅಲಾಯ್ ವೀಲ್ ಹಾಕಿಸಬೇಕೆಂದಿದ್ದೇನೆ. ಅದು ದುಂದುವೆಚ್ಚ ಎಂದು ಉಮ್ಮ ಹೇಳುತ್ತಾರೆ. ನೀವೇನು ಹೇಳುತ್ತೀರಿ?"

ಒಂದೇ ಮಾತಿನಲ್ಲಿ ಉತ್ತರಿಸಿ ಕಳುಹಿಸಬಹುದಿತ್ತು. ಆದರೆ ಇದು ನಮ್ಮ ಕರಾವಳಿಯ ಎಷ್ಟೋ ಮನೆಗಳ ಪ್ರಶ್ನೆ. ಆದುದರಿಂದ ಅವನಿಗೆ ಹೇಳಿದುದನ್ನೂ, ಹೇಳಲು ಹೋಗಿ ನಾನು ಕಲಿತುದನ್ನೂ ಓದುಗರ ಮುಂದಿಡುತ್ತಿದ್ದೇನೆ.

ಅಲಂಕಾರ ನಿಷಿದ್ಧವೇ?

ಇಸ್ಲಾಮ್ ಅಲಂಕಾರದ ವೈರಿಯಲ್ಲ. ಒಳ್ಳೆಯ ಉಡುಪನ್ನೂ ಒಳ್ಳೆಯ ಪಾದರಕ್ಷೆಯನ್ನೂ ಇಷ್ಟಪಡುವವನ ಬಗ್ಗೆ ಒಬ್ಬರು ಕೇಳಿದಾಗ ಪ್ರವಾದಿ(ಸ) ಅದನ್ನು ಅಹಂಕಾರವೆಂದು ಕರೆಯಲಿಲ್ಲ. ಅಲ್ಲಾಹನು ಸೌಂದರ್ಯವನ್ನು ಮೆಚ್ಚುವವನೆಂದೂ, ಸತ್ಯವನ್ನು ತಿರಸ್ಕರಿಸಿ ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದೂ ತಿಳಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹಲಾಲಾದ ದುಡಿಮೆಯಿಂದ ಒಳ್ಳೆಯ ವಾಹನ ಕೊಂಡವನನ್ನು ಕಂಡು ಹುಬ್ಬೇರಿಸುವುದು ಧರ್ಮನಿಷ್ಠೆಯಲ್ಲ. ಕೆಲವೊಮ್ಮೆ ಅದು ಬರಿಯ ಹೊಟ್ಟೆಕಿಚ್ಚು.

ಆದರೆ ಪವಿತ್ರ ಕುರ್‌ಆನ್ ಕಾರೂನನ ವೃತ್ತಾಂತವನ್ನೂ ಹೇಳುತ್ತದೆ. ಅವನು ತನ್ನೆಲ್ಲ ವೈಭವದೊಂದಿಗೆ ಜನರ ಮುಂದೆ ಹೊರಟುಬಂದಾಗ, ಇಹಲೋಕವನ್ನೇ ಬಯಸಿದ್ದವರು ಅವನಿಗಿರುವುದು ತಮಗೂ ಇರಬಾರದಿತ್ತೇ ಎಂದು ಹಂಬಲಿಸಿದರು. ಕೊನೆಗೆ ಭೂಮಿಯು ಅವನನ್ನೂ ಅವನ ಭವನವನ್ನೂ ನುಂಗಿತು. ಸಂಪತ್ತಿದ್ದುದು ಅವನ ಅಪರಾಧವಾಗಿರಲಿಲ್ಲ. ಅದು ತನ್ನ ಜ್ಞಾನದಿಂದಲೇ ಬಂತೆಂದು ಅವನು ಮೆರೆದನು.

ಆದುದರಿಂದ ನಾನು ಹುಡುಗನಿಗೆ ಒಂದು ಪ್ರಶ್ನೆ ಹಾಕಿದೆ: "ಯಾರೂ ನೋಡದ ರಸ್ತೆಯಲ್ಲಿ ಮಾತ್ರ ಓಡಿಸಬೇಕಾಗಿದ್ದರೆ ಈ ಚಕ್ರಗಳನ್ನು ಹಾಕಿಸುತ್ತಿದ್ದೆಯಾ?"

ಅವನು ನಕ್ಕು ತಲೆತಗ್ಗಿಸಿದ. "ಮುಂದಿನ ತಿಂಗಳು ತಂಗಿಯ ಮದುವೆ ಇದೆ ಉಸ್ತಾದರೇ" ಎಂದ. ಉತ್ತರ ಅದರಲ್ಲೇ ಇತ್ತು.

ಅಂಗೈಯಷ್ಟು ಜಾಗ

ನಮ್ಮ ಜಮಾಅತಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಚಕ್ರದ ವಿಷಯದಲ್ಲಿ ನನ್ನ ಕಿತಾಬುಗಳಿಗಿಂತ ಅವರ ಕೈಗಳಿಗೆ ಹೆಚ್ಚು ಗೊತ್ತು. ಅವರಲ್ಲಿಗೆ ಹೋದೆವು. ಅವರು ಹೇಳಿದ ಮೊದಲ ಮಾತೇ ನನ್ನನ್ನು ಯೋಚನೆಗೆ ಹಚ್ಚಿತು: "ಕಾರು ಎಷ್ಟೇ ದೊಡ್ಡದಿರಲಿ, ಒಂದೊಂದು ಟಯರ್ ರಸ್ತೆಯನ್ನು ಮುಟ್ಟುವುದು ಅಂಗೈಯಷ್ಟು ಜಾಗದಲ್ಲಿ. ಬ್ರೇಕು, ತಿರುವು, ಒಳಗೆ ಕುಳಿತವರ ಜೀವ, ಎಲ್ಲವೂ ಆ ನಾಲ್ಕು ಅಂಗೈಗಳ ಮೇಲಿದೆ."

ಕಾರಿನ ಟಯರ್ ಮೇಲೆ 205/55 ಆರ್ 16 ಎಂದು ಬರೆದಿತ್ತು. ಅಗಲ 205 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 55, ಅಂದರೆ ಸುಮಾರು 113 ಮಿಲಿಮೀಟರ್. ರಿಮ್ 16 ಇಂಚು. ಹುಡುಗ ಬಯಸಿದ ಹತ್ತೊಂಬತ್ತು ಇಂಚಿಗೆ 235/35 ಅಳತೆಯ ಟಯರ್ ಹಾಕಿದರೆ ಆ ಗೋಡೆ ಸುಮಾರು 82 ಮಿಲಿಮೀಟರಿಗೆ ಇಳಿಯುತ್ತದೆ. ರಿಮ್ ದೊಡ್ಡದಾದಷ್ಟೂ ಹೊಂಡದ ಏಟನ್ನು ತಾಳುವ ರಬ್ಬರು ಮತ್ತು ಗಾಳಿ ಕಡಿಮೆಯಾಗುತ್ತವೆ. ದುಬೈಯ ನುಣುಪಾದ ರಸ್ತೆಯಲ್ಲಿ ಅದು ಗೊತ್ತಾಗದು. ಮಳೆಗಾಲದ ಶಿರಾಡಿ ಘಾಟಿಯಲ್ಲಿ ನೀರು ತುಂಬಿದ ಒಂದು ಹೊಂಡ ಸಾಕು, ಟಯರಿನ ಪಕ್ಕ ಊದಿಕೊಳ್ಳಲು ಅಥವಾ ರಿಮ್ ಬಿರುಕು ಬಿಡಲು. ಸಾಲದುದಕ್ಕೆ ಇಡೀ ಚಕ್ರದ ವ್ಯಾಸ ಸುಮಾರು 632ರಿಂದ 647 ಮಿಲಿಮೀಟರಿಗೆ ಏರುವುದರಿಂದ ಸ್ಪೀಡೋಮೀಟರಿನ ಲೆಕ್ಕವೂ ಅಷ್ಟರಮಟ್ಟಿಗೆ ತಪ್ಪುತ್ತದೆ.

ಅಳತೆಯ ಮುಂದೆ ಇನ್ನೊಂದು ಅಂಕಿ ಇರುತ್ತದೆ. ಅದು ಟಯರ್ ಹೊರಬಲ್ಲ ಭಾರದ ಗುರುತು. 91 ಎಂದರೆ 615 ಕಿಲೋ, 88 ಎಂದರೆ 560 ಕಿಲೋ. ಕಂಪೆನಿ ಹೇಳಿದ ಅಂಕಿಗಿಂತ ಕಡಿಮೆಯದು, ನೋಡಲು ಎಷ್ಟೇ ಚೆಂದವಿದ್ದರೂ, ಆ ಕಾರಿಗೆ ಸಲ್ಲದು. ಅಂಕಿಯ ಪಕ್ಕದ ಅಕ್ಷರ ವೇಗದ ಮಿತಿ: ವಿ ಎಂದರೆ ಗಂಟೆಗೆ 240 ಕಿಲೋಮೀಟರ್, ಡಬ್ಲ್ಯು ಎಂದರೆ 270.

ರಿಮ್‌ಗೂ ಲೆಕ್ಕವಿದೆ. ಆ ಕಾರಿನ ಐದು ಬೋಲ್ಟುಗಳು 112 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ಕೂರುತ್ತವೆ, ನಡುವಿನ ರಂಧ್ರ 66.6 ಮಿಲಿಮೀಟರ್. ಹೊರಗಿನ ರಿಮ್‌ಗಳಲ್ಲಿ ಎಷ್ಟೋ ಬಾರಿ ಈ ರಂಧ್ರ ದೊಡ್ಡದಿರುತ್ತದೆ. ಸರಿಯಾದ ರಿಂಗ್ ಹಾಕದಿದ್ದರೆ ಚಕ್ರ ನಡುಗುತ್ತದೆ. ಮರ್ಸಿಡಿಸಿನ ಬೋಲ್ಟಿನ ಕತ್ತು ದುಂಡಗಿದ್ದರೆ ಹೊರಗಿನ ಅನೇಕ ರಿಮ್‌ಗಳಿಗೆ ಬೇಕಾಗುವುದು ಶಂಕುವಿನಾಕಾರದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಬಿಗಿದರೆ ಬಿಗಿದಂತೆ ಕಾಣುತ್ತದೆ, ಆದರೆ ಸರಿಯಾಗಿ ಕೂರುವುದಿಲ್ಲ, ಓಡುತ್ತಾ ಸಡಿಲವಾಗಬಹುದು.

"ಹಾಗಾದರೆ ಏನು ಮಾಡಲಿ?" ಎಂದು ಹುಡುಗ ಕೇಳಿದ. "ಇದೇ ಮಾದರಿಗೆ ಕಂಪೆನಿಯೇ ಕೊಟ್ಟ ಹದಿನೇಳು ಇಂಚಿನ ಅಳತೆ ಇದೆ: 225/45 ಆರ್ 17. ಗೋಡೆ 101 ಮಿಲಿಮೀಟರ್ ಉಳಿಯುತ್ತದೆ, ವ್ಯಾಸ ಹೆಚ್ಚುಕಡಿಮೆ ಮೊದಲಿನಷ್ಟೇ. ಚೆಂದವೂ ಆಯಿತು, ಜೀವವೂ ಉಳಿಯಿತು" ಎಂದರು ಹಿರಿಯರು. ಮಧ್ಯಮ ಮಾರ್ಗದ ಬಗ್ಗೆ ನಾನು ಎಷ್ಟೋ ಪ್ರವಚನ ಮಾಡಿದ್ದೇನೆ. ಅಂದು ಅದನ್ನು ಟಯರಿನ ಮೇಲೆ ಬರೆದಿರುವುದನ್ನು ಕಂಡೆ.

ನಾಡಿನ ಕಾನೂನೂ ಇದನ್ನೇ ಬಯಸುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಸಾರ್ವಜನಿಕ ರಸ್ತೆಯ ನಿಯಮವೆಂದರೆ ನಾವು ಇತರರೊಂದಿಗೆ ಮಾಡಿಕೊಂಡ ಕರಾರು. ಕರಾರನ್ನು ಪಾಲಿಸುವುದು ಸತ್ಯವಿಶ್ವಾಸಿಯ ಗುಣ.

ರಾಶಿಯೊಳಗಿನ ತೇವ

ಮೂವರೂ ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಕಪ್ಪಗೆ ಮಿರುಗುವ ಟಯರುಗಳನ್ನು ಮುಂದಿಟ್ಟು "ಹೊಸ ಮಾಲು" ಎಂದರು. ಹಿರಿಯರು ಬಗ್ಗಿ, ಟಯರಿನ ಪಕ್ಕವನ್ನು ಹೆಬ್ಬೆರಳಿನಿಂದ ಒರೆಸಿ ನಾಲ್ಕು ಅಂಕಿಗಳನ್ನು ತೋರಿಸಿದರು: 1417. ಅಂದರೆ 2017ರ ಹದಿನಾಲ್ಕನೆಯ ವಾರದಲ್ಲಿ ತಯಾರಾದುದು. ಏಳು ವರ್ಷ ಹಳೆಯದು! ಓಡದೆ ಮೂಲೆಯಲ್ಲಿದ್ದರೂ ರಬ್ಬರು ವಯಸ್ಸಾದಂತೆ ಗಡುಸಾಗುತ್ತದೆ. ಮೇಲೆ ಹಚ್ಚಿದ ಪಾಲಿಶು ಅದರ ಪ್ರಾಯವನ್ನು ಮುಚ್ಚಿತ್ತು.

ಆಗ ನನಗೆ ಮದೀನಾದ ಮಾರುಕಟ್ಟೆಯ ಆ ಧಾನ್ಯದ ರಾಶಿ ನೆನಪಾಯಿತು. ಪ್ರವಾದಿ(ಸ) ಅದರೊಳಗೆ ಕೈಯಿಟ್ಟಾಗ ಬೆರಳುಗಳಿಗೆ ತೇವ ತಗಲಿತು. ಮಳೆಗೆ ನೆನೆದುದೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಈ ವ್ಯಾಪಾರದಲ್ಲಿರುವ ನಮ್ಮ ಸಹೋದರರೇ, ನಿಮ್ಮ ಟಯರಿನ ಮೇಲಿನ ಆ ನಾಲ್ಕು ಅಂಕಿಗಳನ್ನು ಕೊಳ್ಳುವವನು ಕೇಳುವ ಮೊದಲೇ ತೋರಿಸಿರಿ. ಹಳೆಯ ಚಕ್ರಗಳನ್ನು ಮಾರುವವರೂ ಬಗ್ಗಿದ, ಬೆಸುಗೆ ಹಾಕಿದ ರಿಮ್ ಇದ್ದರೆ ಬಾಯಿಬಿಟ್ಟು ಹೇಳಿರಿ. ಅಲ್ಲಿ ನೆನೆದುದು ಧಾನ್ಯ. ಇಲ್ಲಿ ಪಣಕ್ಕಿರುವುದು ಪ್ರಾಣ.

ನನ್ನದೊಂದು ತಪ್ಪು

ಇಷ್ಟು ಹೇಳಿ ನಿಲ್ಲಿಸಿದರೆ ಈ ಲೇಖನ ಪ್ರಾಮಾಣಿಕವಾಗದು.

2015ರಲ್ಲಿ ನಮ್ಮ ಮದ್ರಸದ ವ್ಯಾನಿನ ಉಸ್ತುವಾರಿ ನನ್ನ ಕೈಯಲ್ಲಿತ್ತು. ಟಯರುಗಳು ಸವೆದಿದ್ದವು. ಹೊಸದಕ್ಕೆ ಕಮಿಟಿ ಹಣ ಕೊಟ್ಟಿತ್ತು. ಯಾರೋ ಬಳಸಿ ಬಿಟ್ಟ ಎರಡು ಟಯರುಗಳನ್ನು ಅಗ್ಗಕ್ಕೆ ಹಾಕಿಸಿ ಉಳಿದ ಹಣವನ್ನು ಮರಳಿಸಿದೆ. ಸಭೆಯಲ್ಲಿ ನನ್ನ ಮಿತವ್ಯಯವನ್ನು ಹೊಗಳಿದರು. ಎರಡು ತಿಂಗಳ ಬಳಿಕ, ಮಕ್ಕಳನ್ನು ಸ್ಪರ್ಧೆಯೊಂದಕ್ಕೆ ಕರೆದೊಯ್ಯುವಾಗ ಹಿಂದಿನ ಟಯರ್ ಸಿಡಿದು ವ್ಯಾನ್ ಚರಂಡಿಗೆ ವಾಲಿತು. ಒಬ್ಬ ಬಾಲಕನ ತೋಳು ಮುರಿಯಿತು. ಅವನ ತಂದೆ ಆಟೋ ಓಡಿಸುವವರು. ಆಸ್ಪತ್ರೆಯಲ್ಲಿ ಅವರು ನನ್ನ ಕೈಹಿಡಿದು, "ಅಲ್ಲಾಹನ ವಿಧಿ, ಉಸ್ತಾದರೇ, ಬೇಸರಿಸಬೇಡಿ" ಎಂದರು.

ನಾನು ಸುಮ್ಮನಿದ್ದೆ. ಅವರ ಬಾಯಲ್ಲಿ ಆ ಮಾತು ಈಮಾನ್ ಆಗಿತ್ತು. ನಾನು ಅದರ ಹಿಂದೆ ಅಡಗಿಕೊಂಡೆ. ಒಂಟೆಯನ್ನು ಕಟ್ಟಿ ಆ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿಯ(ಸ) ಅನುಯಾಯಿ ನಾನು. ಕಟ್ಟದೆ ಬಿಟ್ಟು ವಿಧಿಯ ಹೆಸರು ಹೇಳಿದ್ದೆ.

ಅಂಗಡಿಯ ಮುಂದೆ ಹುಡುಗನಿಗೆ ಇದನ್ನು ಹೇಳಿದೆ. ಹೇಳಿದ ಮೇಲೆ ಹೊಳೆಯಿತು: ಹೇಳಬೇಕಾದವರಿಗೆ ಇನ್ನೂ ಹೇಳಿಲ್ಲ. ಮರುದಿನ ಜುಮುಆದ ಬಳಿಕ ಆ ತಂದೆಯ ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಬಳಿಕ, "ಕ್ಷಮಿಸಿದೆ. ಆದರೆ ಅಂದೇ ಹೇಳಿದ್ದರೆ ನಾನೂ ನನ್ನ ಆಟೋದ ಟಯರನ್ನು ನೋಡಿಕೊಳ್ಳುತ್ತಿದ್ದೆ" ಎಂದರು.

ಸಹೋದರ ಸಹೋದರಿಯರೇ, ಕರುಣಾಮಯನ ನಿಜ ದಾಸರು ಖರ್ಚು ಮಾಡುವಾಗ ದುಂದು ಮಾಡುವವರೂ ಅಲ್ಲ, ಜಿಪುಣರೂ ಅಲ್ಲ, ಅವೆರಡರ ನಡುವೆ ಇರುವವರೆಂದು ಕುರ್‌ಆನ್ ಕಲಿಸುತ್ತದೆ. ಇದರ ಮೊದಲ ಭಾಗವನ್ನು ನಾವು ಶ್ರೀಮಂತರಿಗೆ ಓದಿ ಹೇಳುತ್ತೇವೆ. ಎರಡನೆಯ ಭಾಗವನ್ನು ನಮಗೇ ಓದಿಕೊಳ್ಳುವುದಿಲ್ಲ. ಹೊಳೆಯುವ ರಿಮ್‌ಗೆ ಲಕ್ಷ ಸುರಿದು ಟಯರಿನಲ್ಲಿ ಉಳಿಸುವವನೂ, ಉಳಿತಾಯದ ಹೆಸರಿನಲ್ಲಿ ಸವೆದ ಟಯರಿನಲ್ಲೇ ಮಕ್ಕಳನ್ನು ಕೂರಿಸುವವನೂ ಮಾಡುವುದು ಒಂದೇ ಅಮಾನತಿನ ದ್ರೋಹ. ಮೊದಲು ಹೊರುವುದಕ್ಕೆ ಖರ್ಚು ಮಾಡಿರಿ, ಆಮೇಲೆ ಹೊಳೆಯುವುದಕ್ಕೆ. ನಿಮ್ಮ ವಾಹನ ಯಾವುದೇ ಇರಲಿ, ಈ ಶುಕ್ರವಾರ ಮಸೀದಿಗೆ ಹೊರಡುವ ಮೊದಲು ಬಗ್ಗಿ ಟಯರನ್ನೊಮ್ಮೆ ನೋಡಿರಿ. ಗೆರೆಗಳ ನಡುವಿನ ಸಣ್ಣ ದಿಬ್ಬಗಳಿಗೆ ಸಮನಾಗಿ ಅದು ಸವೆದಿದ್ದರೆ ಅದರ ಆಯುಷ್ಯ ಮುಗಿದಿದೆ. ಆ ನಾಲ್ಕು ಅಂಕಿಗಳನ್ನೂ ಓದಿರಿ. ವಾಹನವನ್ನು ನಮಗೆ ಅಧೀನಗೊಳಿಸಿದವನ ಪಾವಿತ್ರ್ಯವನ್ನು ಕೊಂಡಾಡುವ, ಅವನೆಡೆಗೇ ಮರಳಲಿದ್ದೇವೆಂದು ನೆನಪಿಸುವ ದುಆವನ್ನು ಆ ಬಳಿಕ ಹೇಳಿ ಹೊರಡಿರಿ.

ಹುಡುಗ ಹದಿನೇಳು ಇಂಚಿನ ಚಕ್ರಗಳನ್ನೇ ಆರಿಸಿದ. ಅದೇ ವರ್ಷ ತಯಾರಾದ ಟಯರುಗಳನ್ನು ಬೇರೊಂದು ಅಂಗಡಿಯಿಂದ ತಂದ. ಮೊದಲ ದಿನ ಕುಳಿತವರು ಅವನ ಉಮ್ಮ.

ನಮ್ಮ ಕೈಗೆ ಒಪ್ಪಿಸಲಾದ ಜೀವಗಳ ವಿಷಯದಲ್ಲಿ ಅಲ್ಲಾಹನು ನಮ್ಮನ್ನು ಪ್ರಾಮಾಣಿಕರನ್ನಾಗಿ ಮಾಡಲಿ. ನಮ್ಮ ತಪ್ಪುಗಳನ್ನು ಒಪ್ಪಿಕೊಳ್ಳುವ ಧೈರ್ಯವನ್ನು ಅನುಗ್ರಹಿಸಲಿ. ಆಮೀನ್.